ಅಮೀರ್‌ಪೇಟ್‌ನಲ್ಲಿ ಬಿಟ್ಟು ಬಂದದ್ದು

ನವೆಂಬರ್ 4, ಸೋಮವಾರ

ಹೈದರಾಬಾದಿನ ಗಚ್ಚಿಬೌಲಿಗೆ ಬಂದು ಸೇರಿದೆ. ಇಪ್ಪತ್ತೆಂಟು ವರ್ಷ ಇತಿಹಾಸ ಪಾಠ ಮಾಡಿದವಳಿಗೆ ಪಾಠ ಮಾಡುವುದು ಹೇಗೆಂದು ಇಲ್ಲಿ ಹನ್ನೆರಡು ದಿನ ಹೇಳಿಕೊಡುತ್ತಾರಂತೆ. ಹೇಳಲಿ. ಈ ಪುನಶ್ಚೇತನ ಶಿಬಿರದ ಪ್ರಮಾಣಪತ್ರ ಇಲ್ಲದೆ ನನ್ನ ಬಡ್ತಿಯ ಕಡತ ಇದ್ದ ಮೇಜು ಬಿಟ್ಟು ಏಳುವುದಿಲ್ಲ. ಅತಿಥಿಗೃಹದ ಕೋಣೆಯಲ್ಲಿ ನನ್ನ ಜೊತೆಗಿರುವವಳು ಶೈಲಾ, ಬೀದರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ಒಳ್ಳೆಯವಳೇ, ಆದರೆ ಬಾಯಿಗೆ ಬೀಗವಿಲ್ಲ. ಬಂದ ಅರ್ಧ ಗಂಟೆಯೊಳಗೆ ಅವಳ ಗಂಡನ ಬಿಪಿಯಿಂದ ಹಿಡಿದು ಎಟಿಎಂ ಪಿನ್‌ವರೆಗೆ ಎಲ್ಲವೂ ನನಗೆ ಗೊತ್ತಾಯಿತು.

ನಾನು ಲಿಂಗಸುಗೂರಿನಿಂದ ಎರಡು ಕೆಲಸ ಜೊತೆಗೆ ತಂದಿದ್ದೇನೆ. ಎರಡನ್ನೂ ಅವಳಿಗೆ ಹೇಳಿಲ್ಲ.

ಒಂದು, ಮೂರನೇ ಸೆಮಿಸ್ಟರಿನ ಇತಿಹಾಸದ ಪ್ರಶ್ನೆಪತ್ರಿಕೆ, ಎರಡು ಸೆಟ್. ಎಂಟನೇ ತಾರೀಖಿನೊಳಗೆ ಮುಚ್ಚಿದ ಲಕೋಟೆಯಲ್ಲಿ ಅಂಚೆಗೆ ಬೀಳಬೇಕು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಟೈಪ್ ಮಾಡಿ, ನನಗೆ ನಾನೇ ಮೇಲ್ ಮಾಡಿಕೊಂಡಿದ್ದೇನೆ. ಪ್ರಶ್ನೆಪತ್ರಿಕೆ ತೆಗೆಯುವವರು ಸ್ವಂತ ಊರಲ್ಲಿ ಪ್ರಿಂಟ್ ಮಾಡಿಸಬಾರದು. ನನ್ನ ಹಿರಿಯರು ಕಲಿಸಿದ ಪದ್ಧತಿ ಇದು, ನಾನು ಒಮ್ಮೆಯೂ ಮುರಿದಿಲ್ಲ. ನಮ್ಮೂರಿನ ಝೆರಾಕ್ಸ್ ಅಂಗಡಿಯವರ ಮಕ್ಕಳು ನನ್ನ ತರಗತಿಯಲ್ಲೇ ಕೂರುತ್ತಾರೆ. ಹಿಂದೆಲ್ಲ ಇದಕ್ಕಾಗಿ ಸಿಂಧನೂರಿನ ಬಸ್ಸು ಹತ್ತುತ್ತಿದ್ದೆ. ಈ ಸಲ ಹೈದರಾಬಾದೇ ಸಿಕ್ಕಿದೆ. ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ?

ಎರಡನೆಯದು, ಆ ಕಾಪಿ ಹುಡುಗಿಯ ಮನವಿ. ಕಳೆದ ವರ್ಷದ ಪರೀಕ್ಷೆಯಲ್ಲಿ ಅವಳ ಪೆನ್ನಿನ ಪೌಚಿನೊಳಗೆ ಮಡಚಿದ ಚೀಟಿ ಕಂಡಿತ್ತು. ನಾನು ಕೈ ಚಾಚುವುದರೊಳಗೆ ಬಾಯಿಗೆ ಹಾಕಿಕೊಂಡು ಅಗಿದೇ ಬಿಟ್ಟಳು. ‘ನಾ ನೋಡಿಲ್ರಿ ಮೇಡಂ. ಪೌಚು ನಮ್ಮಕ್ಕಂದು. ಅದರಾಗ ಐತಿ ಅಂತನೂ ಗೊತ್ತಿರಲಿಲ್ರಿ’ ಎಂದಳು, ಕಾಗದ ಬಾಯಲ್ಲಿರುವಾಗಲೇ. ‘ನೋಡಿದ್ಯೋ ಬಿಟ್ಯೋ, ಅದು ಪ್ರಶ್ನೆ ಅಲ್ಲ. ನಿನ್ನ ಕಡೆ ಇತ್ತು, ಅಷ್ಟ’ ಎಂದೆ ನಾನು. ವರದಿಯಲ್ಲಿ ‘ಸಾಕ್ಷ್ಯ ನಾಶ’ ಎಂದೂ ಸೇರಿಸಿದೆ. ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದು ಶಿಕ್ಷೆಯಾಯಿತು. ಈಗ ಡಿಸೆಂಬರಿನಲ್ಲಿ ಕೂರಲು ಬಿಡಿ ಎಂದು ಅರ್ಜಿ ಹಾಕಿದ್ದಾಳೆ. ಅಂದು ಮೇಲ್ವಿಚಾರಕಿಯಾಗಿದ್ದ ನನ್ನ ಅಭಿಪ್ರಾಯ ಹದಿನಾರನೇ ತಾರೀಖಿನೊಳಗೆ ಬೇಕಂತೆ. ಬರೆದಿಟ್ಟಿದ್ದೇನೆ, ಒಂದೇ ಸಾಲು: ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ.

ನವೆಂಬರ್ 6, ಬುಧವಾರ

ಕೆಲಸ ಮುಗಿಯಿತು. ಬೆನ್ನು ತಟ್ಟಿಕೊಳ್ಳುವಂತೆ ಮುಗಿಯಿತು.

ಅತಿಥಿಗೃಹದ ಪಡಸಾಲೆಯಲ್ಲಿ ಎಲ್ಲರಿಗೂ ಎಂದು ಒಂದು ಕಂಪ್ಯೂಟರ್ ಇಟ್ಟಿದ್ದಾರೆ, ಪ್ರಿಂಟರ್ ಇಲ್ಲ. ಮಧ್ಯಾಹ್ನದ ಉಪನ್ಯಾಸ ರದ್ದಾದ್ದರಿಂದ ಇಲ್ಲಿನ ರಾಯದುರ್ಗ ಸ್ಟೇಷನ್ನಿಗೆ ಆಟೋ ಹಿಡಿದು, ಅಲ್ಲಿಂದ ಮೆಟ್ರೋದಲ್ಲಿ ಅಮೀರ್‌ಪೇಟ್‌ಗೆ ಹೋದೆ. ಕಂಬಕ್ಕೊಂದು ಕೋಚಿಂಗ್ ಬೋರ್ಡು, ಕಿಟಕಿಗೊಂದು ಹಾಸ್ಟೆಲ್ಲು. ಒಂದು ಗಲ್ಲಿಯೊಳಗೆ ಹತ್ತು ಕಂಪ್ಯೂಟರಿನ ಅಂಗಡಿ ಸಿಕ್ಕಿತು. ಮೂರನೇ ನಂಬರಿನ ಯಂತ್ರ ಕೊಟ್ಟರು. ಮೇಲ್ ತೆರೆದು ಕಡತ ಇಳಿಸಿಕೊಂಡು ನೋಡಿದರೆ ನನ್ನ ಬಹಮನಿ ಸುಲ್ತಾನರೆಲ್ಲ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕೂತಿದ್ದರು. ಗೊತ್ತಾಗದೆ ನಾಲ್ಕು ಹಾಳೆ ಹಾಗೆಯೇ ಪ್ರಿಂಟ್ ಕೊಟ್ಟೆ.

ಅಂಗಡಿಯವನು ಬಂದು ಪರದೆ ನೋಡಿ ಅಚ್ಚ ಕನ್ನಡದಲ್ಲಿ ಹೇಳಿದ: ‘ಅದರಾಗ ನುಡಿ ಫಾಂಟ್ ಇಲ್ರಿ ಮೇಡಂ. ತಡೀರಿ, ನನ್ನ ಪೆನ್‌ಡ್ರೈವ್‌ನಾಗ ಐತಿ, ಹಾಕಿ ಕೊಡ್ತೀನಿ.’

ಹೆಸರು ಸಾಬಣ್ಣ, ಶಹಾಪುರದ ಕಡೆಯವನು, ನಲವತ್ತರ ಆಸುಪಾಸು. ‘ನಮ್ಮವ್ವ ನಮ್ಮಪ್ಪ ಇದೇ ಗಚ್ಚಿಬೌಲಿ ಬಿಲ್ಡಿಂಗಿಗೆ ಇಟ್ಟಂಗಿ ಹೊತ್ತಾರ್ರಿ. ನಾ ಈ ಡಬ್ಬಿ ಇಟ್ಕೊಂಡು ಕುಂತೀನಿ’ ಎಂದ. ‘ಫಾಂಟ್ ಯಾಕ ಇಟ್ಟೀನಿ ಅಂದ್ರ, ನಮ್ಮ ಕಡೆ ಮಂದಿ ಭಾಳ ಬರ್ತಾರ್ರಿ ಇಲ್ಲಿಗೆ.’ ಪರಊರಿನಲ್ಲಿ ನಮ್ಮ ಮಾತು ಕೇಳಿ ಜೀವ ತಂಪಾಯಿತು. ಮನಸ್ಸು ನಿರಾಳವಾಗಿ ಕೂತು ಕೆಲಸ ಮಾಡಿದೆ.

ಹಾಗೆಂದು ಮೈ ಮರೆಯಲಿಲ್ಲ. ಫಾಂಟ್ ಹಾಕಿದ ಮೇಲೆ ಅವನನ್ನು ಅವನ ಕುರ್ಚಿಗೆ ಕಳಿಸಿದೆ. ಪರದೆಗೆ ಅಡ್ಡವಾಗಿ ನನ್ನ ಕೈಚೀಲ ನಿಲ್ಲಿಸಿದೆ. ಎರಡು ಪ್ರಶ್ನೆ ತಿದ್ದಿ ಪ್ರಿಂಟ್ ಕೊಟ್ಟೆ. ಹಾಳೆ ಹೊರಬರುವಾಗ ಪ್ರಿಂಟರಿನ ಬಾಯಿಗೆ ಕೈ ಒಡ್ಡಿ ನಿಂತಿದ್ದೆ. ಕೆಟ್ಟ ಹಾಳೆ, ಮಸಿ ಹತ್ತಿದ ಹಾಳೆ, ಆ ಇಂಗ್ಲಿಷ್ ಅಕ್ಷರದ ನಾಲ್ಕು ಹಾಳೆ, ಒಟ್ಟು ಹನ್ನೊಂದು, ಎಲ್ಲವನ್ನೂ ಎಣಿಸಿ ಚೀಲಕ್ಕೆ ಹಾಕಿಕೊಂಡೆ. ಮೇಲ್ ತೆರೆದಾಗಲೂ ಯಂತ್ರ ಏನೋ ಕೇಳಿತ್ತು, ಸೇವ್ ಮಾಡಲೇ ಎಂದು. ತಿದ್ದಿದ್ದು ಹೋಗಬಾರದಲ್ಲ, ಎಲ್ಲದಕ್ಕೂ ಹೌದು ಎಂದೆ. ಕೊನೆಗೆ ಮೂಲೆಯ ಕೆಂಪು ಗುರುತು ಒತ್ತಿ ಎಲ್ಲವನ್ನೂ ಮುಚ್ಚಿ ಎದ್ದೆ.

ಆ ಹನ್ನೊಂದು ಹಾಳೆಯನ್ನು ಬಚ್ಚಲಿನ ಬಕೆಟಿನಲ್ಲಿ ನೆನೆಹಾಕಿ, ಕೈಯಲ್ಲಿ ಹಿಸುಕಿ ಹಿಟ್ಟು ಮಾಡಿ ಚೆಲ್ಲಿದೆ. ಏನು ಒಗೆಯುತ್ತಿದ್ದೀರಿ ಎಂದು ಶೈಲಾ ಕೇಳಿದಳು. ಬಣ್ಣ ಬಿಡುವ ಕುಪ್ಪಸ ಎಂದೆ. ಈಗಿನ ಕಾಲದ ಮಾಸ್ತರರಿಗೆ ಇಷ್ಟು ಎಚ್ಚರ ಎಲ್ಲಿಂದ ಬರಬೇಕು.

ನವೆಂಬರ್ 7, ಗುರುವಾರ

ಲಕೋಟೆಗೆ ಅರಗಿನ ಮುದ್ರೆ ಹಾಕಿ ರಿಜಿಸ್ಟರ್ಡ್ ಅಂಚೆಗೆ ಕೊಟ್ಟೆ. ಅಂಚೆಯವಳು ಅರಗನ್ನು ನೋಡಿ ನಕ್ಕಳು. ನಗಲಿ.

ನವೆಂಬರ್ 8, ಶುಕ್ರವಾರ

ಅಕ್ಷರ ಕೆಟ್ಟಿದೆ.

ಇಂದು ಶ್ರೀಹರ್ಷ ಎಂಬ ಕಂಪ್ಯೂಟರ್ ಮೇಷ್ಟ್ರ ಉಪನ್ಯಾಸ. ಧಾರವಾಡದ ಹುಡುಗ, ಇಲ್ಲೇ ಮಣಿಕೊಂಡದಲ್ಲಿ ಮನೆ ಮಾಡಿದ್ದಾನೆ. ವಿಷಯ: ಪ್ರವಾಸದಲ್ಲಿ ಎಲ್ಲರ ಕಂಪ್ಯೂಟರ್ ಬಳಸುವಾಗ ನಮ್ಮ ಗುಟ್ಟು ಕಾಯ್ದುಕೊಳ್ಳುವುದು. ಹತ್ತು ನಿಮಿಷ ಆಕಳಿಸುತ್ತ ಕೂತಿದ್ದೆ. ಆಮೇಲೆ ಅವನು ಹೇಳಿದ, ಹೋಟೆಲಿನ ಹಾಸಿಗೆಯಿಂದ ನೀವು ಎದ್ದು ಹೋದರೂ ನಿಮ್ಮ ಕೂದಲು ದಿಂಬಿನ ಮೇಲೆ ಉಳಿದಿರುತ್ತದೆ, ಇದೂ ಹಾಗೆಯೇ ಎಂದು. ಕೆಂಪು ಗುರುತು ಒತ್ತಿದರೆ ಕಿಟಕಿ ಮುಚ್ಚುತ್ತದೆ, ನಿಮ್ಮ ಮೇಲ್ ಮುಚ್ಚುವುದಿಲ್ಲ. ಸೈನ್ ಔಟ್ ಎಂದು ಬೇರೆಯೇ ಒತ್ತಬೇಕು. ಸೇವ್ ಮಾಡಲೇ ಎಂದು ಕೇಳುವುದು ನಿಮ್ಮ ಪಾಸ್‌ವರ್ಡನ್ನು. ನೀವು ಇಳಿಸಿಕೊಂಡ ಕಡತ ಡೌನ್‌ಲೋಡ್ಸ್ ಎಂಬ ಜಾಗದಲ್ಲಿ ಮುಂದಿನವರಿಗಾಗಿ ಕಾಯುತ್ತ ಕೂತಿರುತ್ತದೆ.

‘ಕೆಂಪು ಗುರುತು ಒತ್ತಿ ಎದ್ದು ಬಂದವರು ಕೈ ಎತ್ತಿ’ ಎಂದ. ಶೈಲಾ ನಗುತ್ತ ಎತ್ತಿದಳು. ಇನ್ನೂ ಏಳೆಂಟು ಜನ ಎತ್ತಿದರು. ನಾನು ಎತ್ತಲಿಲ್ಲ.

ಚಹಾದ ಹೊತ್ತಿನಲ್ಲಿ ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ. ‘ಹಿಂಗ ಆಗಿದ್ರ ಈಗ ಏನು ಮಾಡಬೇಕು?’

‘ಯಾರಿಗೆ ಆಗೇದ್ರಿ ಮೇಡಂ?’

‘ಶೈಲಾಗ.’

ಹೇಗೆ ಬಂತೋ ಆ ಮಾತು ಬಾಯಿಗೆ. ಅವನು ಫೋನಿನಲ್ಲಿ ಏನೇನು ಒತ್ತಬೇಕೆಂದು ಬರೆದುಕೊಟ್ಟ. ಕೋಣೆಗೆ ಬಂದು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಒತ್ತಿದೆ. ನನ್ನ ಮೇಲ್ ಎಲ್ಲೆಲ್ಲಿ ತೆರೆದಿದೆ ಎಂಬ ಪಟ್ಟಿ ಬಂತು. ಮೊದಲನೆಯದು ನನ್ನ ಫೋನು. ಎರಡನೆಯದು: ವಿಂಡೋಸ್ ಕಂಪ್ಯೂಟರ್, ಹೈದರಾಬಾದ್, ಎರಡು ಗಂಟೆ ಹಿಂದೆ.

ಎರಡು ಗಂಟೆ ಹಿಂದೆ ನಾನು ತರಗತಿಯಲ್ಲಿದ್ದೆ.

ಅದನ್ನು ಅಲ್ಲಿಂದ ಹೊರಹಾಕಿ ಪಾಸ್‌ವರ್ಡ್ ಬದಲಿಸಿದೆ. ಆದರೆ ಕಡತ ಆ ಯಂತ್ರದೊಳಗೇ ಇದೆ. ಎರಡು ಸೆಟ್ಟೂ ಇವೆ. ಓದಲು ನುಡಿ ಅಕ್ಷರವನ್ನೂ ನಾನೇ ನಿಂತು ಹಾಕಿಸಿ ಬಂದಿದ್ದೇನೆ. ನಮ್ಮ ಕಡೆ ಮಂದಿ ಭಾಳ ಬರ್ತಾರೆ ಎಂದು ಅವನು ಹೇಳಿದ್ದು ಈಗ ಕಿವಿಗೆ ಬೀಳುತ್ತಿದೆ. ಹನ್ನೊಂದು ಹಾಳೆ ಹಿಸುಕಿದ ಕೈಗೆ ಏನು ಹೇಳಲಿ.

ನವೆಂಬರ್ 9, ಶನಿವಾರ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋದೆ. ಬಾಗಿಲು ಮೊದಲೇ ಹಾಕಿತ್ತು. ಅಂಗಡಿಯ ಶಟರ್ ಇಳಿದಿದೆ.

ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಅತ್ತ ಕಡೆ ಹಲಗೆ ಬಡಿಯುವ ಸಪ್ಪಳ, ಅಳು. ‘ನಮ್ಮ ಕಾಕಾ ತೀರಿಕೊಂಡಾನ್ರಿ. ಮಣ್ಣಿಗೆ ಬಂದೀವಿ’ ಎಂದ ಸಾಬಣ್ಣ. ಕಾಕಾನ ಸ್ಥಿತಿ ಕೆಟ್ಟಿದೆ ಎಂದು ಕೇಳಿ ಅವನು ಗುರುವಾರ ಬೆಳಿಗ್ಗೆಯೇ ಹೊರಟನಂತೆ. ಗುರುವಾರ, ಶುಕ್ರವಾರ ಅವನ ಹೆಂಡತಿ ಅಂಗಡಿ ನೋಡಿಕೊಂಡು, ಸಾವಿನ ಸುದ್ದಿ ಬಂದ ಮೇಲೆ ನಿನ್ನೆ ಸಂಜೆ ಅವಳೂ ಬಸ್ಸು ಹತ್ತಿದಳಂತೆ. ಸೋಮವಾರ ತೆರೆಯುತ್ತಾರೆ. ‘ಏನರ ಅರ್ಜೆಂಟ್ ಇತ್ತೇನ್ರಿ?’ ಎಂದು ಕೇಳಿದ. ಸತ್ತ ಮನೆಯಲ್ಲಿ ನಿಂತವನಿಗೆ ಏನೆಂದು ಹೇಳುವುದು. ಹೇಳಿದರೆ ಕಡತ ಹುಡುಕು ಎಂದು ನಾನೇ ಗುರುತು ಹೇಳಿಕೊಟ್ಟಂತೆ. ಏನಿಲ್ಲ ಎಂದೆ.

ಎರಡು ದಿನ ತೆರೆದಿತ್ತು. ಎರಡು ದಿನ.

ಗಲ್ಲಿಯ ತುದಿಯ ಚಹಾದಂಗಡಿಯಲ್ಲಿ ಒಂದು ಗಂಟೆ ಸುಮ್ಮನೆ ಕೂತೆ. ಪಕ್ಕದ ಮೇಜಿನಲ್ಲಿ ಮೂವರು ಹುಡುಗರು ಕನ್ನಡದಲ್ಲಿ ಹರಟುತ್ತಿದ್ದರು. ಒಬ್ಬ ಮಸ್ಕಿಯವನು, ಮಾತಿನಲ್ಲೇ ಗೊತ್ತಾಯಿತು. ಮಸ್ಕಿಯಿಂದ ನಮ್ಮೂರಿಗೆ ಎಷ್ಟು ದೂರ? ಅವನ ತಮ್ಮನೋ ತಂಗಿಯೋ ನಮ್ಮಲ್ಲೇ ಮೂರನೇ ಸೆಮಿಸ್ಟರ್ ಓದುತ್ತಿರಬಹುದು. ಅವನು ನನ್ನ ಕಡೆ ನೋಡಿ ನಕ್ಕ ಹಾಗಾಯಿತು. ನಗಲಿಲ್ಲವೇನೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ನವೆಂಬರ್ 10, ಭಾನುವಾರ

ಎಲ್ಲರೂ ಗೋಲ್ಕೊಂಡಕ್ಕೆ ಹೋದರು. ತಲೆನೋವು ಎಂದು ಉಳಿದೆ. ಇತಿಹಾಸದವಳೇ ಕೋಟೆಗೆ ಬರದಿದ್ದರೆ ಹೇಗೆ ಎಂದು ಶೈಲಾ ರೇಗಿಸಿದಳು. ಅವಳ ಮುಖ ನೋಡಲಾಗಲಿಲ್ಲ.

ನವೆಂಬರ್ 11, ಸೋಮವಾರ

ತರಗತಿ ಮುಗಿದದ್ದೇ ಅಮೀರ್‌ಪೇಟ್‌ಗೆ ಓಡಿದೆ. ಅಂಗಡಿ ತೆರೆದಿತ್ತು. ಮೂರನೇ ಯಂತ್ರದ ಮುಂದೆ ಒಬ್ಬಾತ ಕೂತಿದ್ದ. ಬೇರೆ ಯಂತ್ರ ಖಾಲಿ ಇದೆ ಎಂದರೂ ಕೇಳದೆ ಅವನ ಬೆನ್ನ ಹಿಂದೆಯೇ ನಲವತ್ತು ನಿಮಿಷ ನಿಂತೆ. ಅವನು ಎರಡು ಸಲ ತಿರುಗಿ ನೋಡಿದ. ನಾನೂ ನೋಡಿದೆ.

ಅವನು ಎದ್ದ ಮೇಲೆ ಕೂತು ಡೌನ್‌ಲೋಡ್ಸ್ ತೆರೆದೆ. ಯಾರ್ಯಾರದೋ ಆಧಾರ್ ಕಾರ್ಡು, ಅಂಕಪಟ್ಟಿ, ಒಬ್ಬಳ ಮದುವೆಯ ಬಯೋಡೇಟಾ, ಒಬ್ಬರ ರಕ್ತ ಪರೀಕ್ಷೆಯ ವರದಿ. ಸಂತೆಯಲ್ಲಿ ಚೀಲ ಸುರುವಿದಂತೆ ಎಲ್ಲವೂ ಬಿದ್ದಿದ್ದವು. ನಡುವೆ ನನ್ನ ಕಡತ. ಅದೇ ಹೌದೋ ಎಂದು ತೆರೆದು ನೋಡಿದೆ. ಹೌದು. ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಗ ಉಸಿರು ಬಂತು.

ಉಸಿರು ಬಂದ ಮೇಲೆ ಸಾಬಣ್ಣನನ್ನು ಕೇಳಿದೆ, ಈ ಯಂತ್ರದಲ್ಲಿ ಆ ಎರಡು ದಿನ ಯಾರು ಯಾರು ಕೂತಿದ್ದರು ಎಂದು. ತಲೆ ಬೋಳಿಸಿಕೊಂಡಿದ್ದ, ಗುರುತೇ ಸಿಗುತ್ತಿರಲಿಲ್ಲ.

‘ನಲವತ್ತು ಮಂದಿ ಕುಂತಿರಬೇಕ್ರಿ. ಯಾಕ್ರಿ?’

‘ನನ್ನ ಕಾಗದ ಒಂದು ಅದರಾಗ ಉಳಿದಿತ್ತು. ನೀವು ಯಾರರ ತೆಗೆದು ನೋಡೀರೇನು?’

ಅವನ ಮುಖ ಇಳಿಯಿತು. ‘ನಮ್ಮ ಮ್ಯಾಲ ಶಕ ಮಾಡ್ತೀರೇನ್ರಿ ಮೇಡಂ? ದಿನಾ ಅಂಗಡಿ ಮುಚ್ಚೂ ಮುಂಚೆ ಎಲ್ಲಾ ಡಬ್ಬಿ ನಾನ ಅಳಸ್ತೀನಿ. ಅವತ್ತ ಸಂಜೀಕ ಊರಿಂದ ಫೋನ್ ಬಂತು. ಮರತೆ.’

ಅವನ ಹೆಂಡತಿ ಗದಿಗೆಮ್ಮ ಝೆರಾಕ್ಸ್ ಯಂತ್ರದ ಪಕ್ಕದಿಂದಲೇ ಹೇಳಿದಳು: ‘ನನಗ ಓದಾಕ ಬರಂಗಿಲ್ಲವ್ವಾ. ಪ್ರಿಂಟ್ ಒತ್ತೂದು ಅಷ್ಟ ಬರ್ತೈತಿ. ನಿಮ್ಮ ಕಾಗದ ತಗೊಂಡು ನಾ ಏನ್ ಮಾಡ್ಲಿ?’

ಸೂತಕದ ಮನೆಯವರನ್ನು ಕಳ್ಳರಂತೆ ನಿಲ್ಲಿಸಿ ಕೇಳಿದೆ. ಆದರೂ ಕೇಳಲೇಬೇಕಿತ್ತಲ್ಲ.

ಸಂಜೆ ಊಟದ ಮನೆಯಲ್ಲಿ ಶ್ರೀಹರ್ಷ ಸಿಕ್ಕ. ‘ಶೈಲಾನ ಕಡತ ಸಿಕ್ಕಿತು, ತೆರೆದು ನೋಡಿ ಅಳಿಸಿಯಾಯಿತು’ ಎಂದೆ. ಅವನು ತುಟಿ ಕಚ್ಚಿದ. ‘ತೆರೀಬಾರದಿತ್ತು. ಕಡೀಗೆ ಯಾವಾಗ ತೆರೆದಿದ್ರು ಅನ್ನೋದು ಯಂತ್ರದಾಗ ಕೆಲವೊಮ್ಮೆ ಸಿಗತದ. ಬುಧವಾರದ ನಂತರ ಯಾರೂ ಮುಟ್ಟಿಲ್ಲಂತ ಗೊತ್ತಾಗಬಹುದಿತ್ತು. ಈಗ ಇವತ್ತಿನದೇ ತೋರಿಸ್ತದ. ಅದೂ ಅಳಿಸಿ ಹೋತು.’

ಅಷ್ಟರಲ್ಲಿ ಶೈಲಾ ತಟ್ಟೆ ಹಿಡಿದು ಬಂದಳು. ಅವನು ಅವಳನ್ನೇ ಕೇಳಿದ, ‘ಅಷ್ಟು ಮಹತ್ವದ ಕಾಗದ ಏನಿತ್ರಿ ಮೇಡಂ ಅದು?’ ನನ್ನ ಕೈಯ ಚಮಚ ಹಾಗೆಯೇ ನಿಂತಿತು. ಶೈಲಾ ಒಮ್ಮೆ ನನ್ನನ್ನು ನೋಡಿದಳು, ಒಂದೇ ಒಮ್ಮೆ. ‘ಏನಿಲ್ರಿ ಸರ್, ಮನೀದು. ಬುದ್ಧಿ ಇಲ್ಲ ನೋಡ್ರಿ ನನಗ’ ಎಂದು ನಕ್ಕು, ಅನ್ನಕ್ಕೆ ಸಾರು ಹಾಕಿಕೊಂಡಳು.

ಬಾಯಿಗೆ ಬೀಗವಿಲ್ಲ ಎಂದು ಬರೆದಿದ್ದೆ ಇವಳ ಬಗ್ಗೆ.

ನವೆಂಬರ್ 12, ಮಂಗಳವಾರ

ಶೈಲಾಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಫೋನು ತೆಗೆದು, ವಿದ್ಯಾರ್ಥಿಗಳು ಪ್ರಶ್ನೆ ಹಂಚಿಕೊಳ್ಳುವ ಗುಂಪುಗಳನ್ನು ಹುಡುಕಿದಳು. ಒಂದರಲ್ಲಿ ನಿನ್ನೆ ಹಾಕಿದ ‘ಬರಬಹುದಾದ ಪ್ರಶ್ನೆಗಳು’ ಎಂಬ ಪಟ್ಟಿ ಸಿಕ್ಕಿತು. ಹತ್ತರಲ್ಲಿ ಎರಡು ನನ್ನವು. ಬಹಮನಿ ಆಡಳಿತ, ಮಹಮೂದ್ ಗವಾನ್.

‘ಇವು ಪ್ರತಿ ವರ್ಷ ಬರ್ತಾವಲ್ರಿ ಅಕ್ಕಾ’ ಎಂದಳು. ನಿಜ. ಪ್ರತಿ ವರ್ಷ ಬರುತ್ತವೆ. ನಾನೇ ಸ್ವಂತವಾಗಿ ಯೋಚಿಸಿ ಹಾಕಿದ ಪ್ರಶ್ನೆ, ಕೋಟೆಯ ನೀರಿನ ವ್ಯವಸ್ಥೆಯದು, ಪಟ್ಟಿಯಲ್ಲಿ ಇಲ್ಲ. ಇಲ್ಲ ಎಂದು ಸಂತೋಷಪಟ್ಟೆ. ಹತ್ತು ನಿಮಿಷದ ನಂತರ, ಜಾಣ ಕಳ್ಳನಾದರೆ ಅದನ್ನು ಬೇಕೆಂದೇ ಬಿಟ್ಟಿರುತ್ತಾನೆ ಎನ್ನಿಸಿತು. ಈ ಯೋಚನೆಗೆ ತಳವೇ ಇಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ನನ್ನ ಬಡ್ತಿ ಹೋಯಿತು, ಹೆಸರು ಹೋಯಿತು. ಹೇಳದಿದ್ದರೆ ಡಿಸೆಂಬರಿನಲ್ಲಿ ಪ್ರಶ್ನೆಪತ್ರಿಕೆ ಹಂಚುವಾಗ ಹುಡುಗರ ಮುಖ ನೋಡುತ್ತ ನಿಲ್ಲಬೇಕು, ಇವನಿಗೆ ಗೊತ್ತಿತ್ತೋ, ಇವಳಿಗೆ ಗೊತ್ತಿತ್ತೋ ಎಂದು. ವರ್ಷವಿಡೀ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಓದಿದವರೂ ಅದೇ ಸಾಲಿನಲ್ಲಿ ಕೂತಿರುತ್ತಾರೆ. ಹೆದರಿಕೆಯಾಗುತ್ತಿದೆ. ಇದನ್ನು ಬೇರೆ ಮಾತಿನಲ್ಲಿ ಬರೆಯಲು ಬರುವುದಿಲ್ಲ.

ನವೆಂಬರ್ 13, ಬುಧವಾರ

ಹನ್ನೊಂದು ಗಂಟೆಗೆ ಮೌಲ್ಯಮಾಪನ ಕುಲಸಚಿವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಯಾರರ ನೋಡ್ಯಾರೇನ್ರಿ ಉಮಾಬಾಯಿಯವರ?’

‘ಗೊತ್ತಿಲ್ರಿ ಸರ್.’

‘ಎಲ್ಲೆರ ಹೊರಗ ಬಂದೈತೇನು?’

‘ಅದೂ ಗೊತ್ತಿಲ್ಲ.’

‘ಮತ್ಯಾಕ ಹೇಳಾಕತ್ತೀರಿ? ಕಡತ ಅಳಿಸೀರಿ, ಲಕೋಟೆ ಮೊನ್ನೆನ ಬಂದು ಮುಟ್ಟೈತಿ. ಈಗ ಹೊಸಾ ಪೇಪರ್ ಅಂದ್ರ ನನಗೂ ತ್ರಾಸು, ನಿಮಗೂ ತ್ರಾಸು. ಫೋನ್‌ನಾಗ ಹೇಳಿದ್ದು ನಾ ಕೇಳೇ ಇಲ್ಲ ಅಂತ ತಿಳೀರಿ. ಒಂದು ದಿನ ವಿಚಾರ ಮಾಡ್ರಿ.’

ಅವರು ಬಾಗಿಲು ತೆರೆದು ಹಿಡಿದಿದ್ದರು. ಹೊರಗೆ ನಡೆದು ಹೋಗಬಹುದಿತ್ತು. ‘ನೋಡ್ಯಾರೋ ಬಿಟ್ಟಾರೋ ಅದು ಪ್ರಶ್ನೆ ಅಲ್ರಿ ಸರ್. ಅಲ್ಲಿ ಇತ್ತು’ ಎಂದೆ. ಈ ಮಾತು ಎಲ್ಲೋ ಮೊದಲೂ ಆಡಿದ ಹಾಗಿತ್ತು.

ಮಧ್ಯಾಹ್ನ ಕೈಯಲ್ಲೇ ಪತ್ರ ಬರೆದೆ. ಶೈಲಾ ಅದರ ಫೋಟೋ ತೆಗೆದು ನನ್ನ ಫೋನಿನಿಂದಲೇ ಕಳಿಸಿಕೊಟ್ಟಳು. ಶ್ರೀಹರ್ಷನಿಗೂ ಹೇಳಿದೆ, ಆ ಕಡತ ಶೈಲಾಳದ್ದಲ್ಲ, ನನ್ನದು ಎಂದು. ‘ಗೊತ್ತಿತ್ರಿ ಮೇಡಂ’ ಎಂದ ಆ ಹುಡುಗ. ಎಲ್ಲರಿಗೂ ಗೊತ್ತಿರುತ್ತದೆ, ನಮಗೆ ಮಾತ್ರ ಗೊತ್ತಿರುವುದಿಲ್ಲ.

ನವೆಂಬರ್ 15, ಶುಕ್ರವಾರ

ಇಲ್ಲಿ ಇಂದು ರಜೆ. ಉತ್ತರ ಮೇಲ್‌ನಲ್ಲಿ ಬಂತು. ಎರಡೂ ಸೆಟ್ ರದ್ದು. ಪ್ರಶ್ನೆಪತ್ರಿಕೆ ತಯಾರಿಸುವವರ ಪಟ್ಟಿಯಿಂದ ನನ್ನ ಹೆಸರು ಐದು ವರ್ಷ ಹೊರಕ್ಕೆ. ಪ್ರಾಂಶುಪಾಲರಿಗೂ ಪ್ರತಿ ಹೋಗಿದೆ. ಏಳು ದಿನದಲ್ಲಿ ಉತ್ತರಿಸಬೇಕಾದ ನೋಟಿಸಿನಲ್ಲಿ ಒಂದು ಸಾಲು ಹೀಗಿದೆ: ಕಡತವನ್ನು ತಾವೇ ಅಳಿಸಿರುವುದು ಸಾಕ್ಷ್ಯ ನಾಶಕ್ಕೆ ಸಮ.

ಇದನ್ನು ಓದಿ ಮೈ ಉರಿಯಿತು. ಪಟ್ಟಿಯಿಂದ ತೆಗೆದದ್ದು ಸರಿ, ಬಡ್ತಿ ಹೋದರೂ ಸರಿ. ಆದರೆ ನಾಶ ಎಂಬ ಮಾತು? ಗಾಬರಿಯಾದವರು ಬೇರೆ ಏನು ಮಾಡುತ್ತಾರೆ? ಕೈಗೆ ಕೆಂಡ ಬಿದ್ದರೆ ಕೊಡವುತ್ತಾರೋ ಇಲ್ಲವೋ? ಎ.ಸಿ. ಕೋಣೆಯಲ್ಲಿ ಕೂತು ಬರೆಯುವವರಿಗೆ ಆ ಒಂದು ಕ್ಷಣ ಏನು ಗೊತ್ತು. ಶೈಲಾಳ ಮುಂದೆ ಅತ್ತುಬಿಟ್ಟೆ. ಅವಳು ಬೆನ್ನು ಸವರುತ್ತ ಕೂತಳು.

ನವೆಂಬರ್ 16, ಶನಿವಾರ

ಪ್ರಮಾಣಪತ್ರ ಕೊಟ್ಟರು. ಅದನ್ನು ಇನ್ನು ಯಾವ ಕಡತಕ್ಕೆ ಹಚ್ಚುವುದೋ. ಸಂಜೆಗೆ ರಾಯಚೂರಿನ ರೈಲು. ಅದಕ್ಕೆ ಮುಂಚೆ ಎರಡು ಕೆಲಸವಿತ್ತು: ಸಾಬಣ್ಣ, ಗದಿಗೆಮ್ಮರ ಕ್ಷಮೆ ಕೇಳುವುದು, ಚೀಟಿ ಅಗಿದ ಆ ಹುಡುಗಿ ಭಾಗ್ಯಶ್ರೀಯ ವಿಷಯದ ಒಂದು ಸಾಲಿನ ಅಭಿಪ್ರಾಯವನ್ನು ಸ್ಕ್ಯಾನ್ ಮಾಡಿ ಕಳಿಸುವುದು. ಶೈಲಾಳೂ ಜೊತೆಗೆ ಬಂದಳು.

ಸಾಬಣ್ಣ ಕ್ಷಮೆ ಗಿಮೆ ಎಂದು ಬಾಯಿ ತೆರೆಯಲು ಬಿಡಲಿಲ್ಲ. ‘ಕುಂದರ್ರಿ ಮೇಡಂ’ ಎಂದು ಅದೇ ಮೂರನೇ ಯಂತ್ರ ತೋರಿಸಿದ. ಗದಿಗೆಮ್ಮ ಮಾತ್ರ ತಿರುಗಿ ನೋಡಲಿಲ್ಲ. ಅವಳ ಹತ್ತಿರ ಹೋಗಿ, ‘ತಪ್ಪಾತವ್ವಾ’ ಎಂದೆ. ‘ಆತು ಬಿಡ್ರಿ’ ಎಂದಳು, ಝೆರಾಕ್ಸ್ ತೆಗೆಯುತ್ತಲೇ.

ಮೂರನೇ ಯಂತ್ರದ ಮುಂದೆ ಕೂತು ನೋಡಿದರೆ ಪರದೆಯ ಮೇಲೆ ಯಾರದೋ ಮೇಲ್ ತೆರೆದೇ ಇತ್ತು. ಸಾಲು ಸಾಲಾಗಿ ಪತ್ರಗಳು. ಕೈಚೀಲ ಎತ್ತಿ ಪರದೆಯ ಅರ್ಧಕ್ಕೆ ಅಡ್ಡ ಹಿಡಿದೆ. ಮೂಲೆಯಲ್ಲಿ ಗುಂಡಗಿನ ಗುರುತು ಇರುತ್ತದೆ ಎಂದು ಶ್ರೀಹರ್ಷ ಹೇಳಿದ್ದ. ಅದನ್ನು ಮಾತ್ರ ನೋಡಿ ಒತ್ತಿ, ಸೈನ್ ಔಟ್ ಮಾಡಿದೆ. ಉಳಿಸಿದ್ದ ಪಾಸ್‌ವರ್ಡನ್ನೂ ಹುಡುಕಿ ತೆಗೆದೆ. ಒಂದು ಪತ್ರವನ್ನೂ ಓದಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಓಡಿಬಂದಳು. ಇಪ್ಪತ್ತಿರಬಹುದು, ಹಾಸ್ಟೆಲಿನ ಗುರುತಿನ ಚೀಟಿ ಕೊರಳಲ್ಲೇ ಇತ್ತು. ನನ್ನನ್ನು ನೋಡಿದಳು, ಖಾಲಿ ಪರದೆ ನೋಡಿದಳು, ಮೌಸಿನ ಮೇಲಿದ್ದ ನನ್ನ ಕೈ ನೋಡಿದಳು.

‘ಚೂಶಾರಾ ಮೇಡಂ?’ ಎಂದು ತೆಲುಗಿನಲ್ಲಿ ಕೇಳಿದಳು. ನೋಡಿದಿರಾ ಎಂದು.

‘ಚೂಡಲೇದಮ್ಮಾ’ ಎಂದೆ. ನೋಡಲಿಲ್ಲ ತಾಯಿ. ಮುಚ್ಚಿದೆ, ಅಷ್ಟೇ.

ಅವಳು ನಂಬಲಿಲ್ಲ. ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತ ನಿಂತಳು. ಅದರಲ್ಲಿ ಏನಿತ್ತೋ, ಯಾರ ಪತ್ರವಿತ್ತೋ, ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಆದರೆ ಅದನ್ನು ಅವಳಿಗೆ ತೋರಿಸುವುದು ಹೇಗೆ? ಅಳಿಸಿದ ಪರದೆ ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ. ಇನ್ನೊಮ್ಮೆ ನೋಡಲಿಲ್ಲ ಎಂದೆ. ಎರಡನೇ ಸಲ ಹೇಳಿದಾಗ ನನಗೇ ಸುಳ್ಳಿನ ಹಾಗೆ ಕೇಳಿಸಿತು. ಅವಳು ಇಳಿದು ಹೋದಳು.

ಆಮೇಲೆ ಚೀಲದಿಂದ ಅಭಿಪ್ರಾಯದ ಹಾಳೆ ತೆಗೆದೆ. ಹನ್ನೆರಡು ದಿನ ಚೀಲದಲ್ಲಿದ್ದು ಸುಕ್ಕಾಗಿತ್ತು. ಗದಿಗೆಮ್ಮನಿಂದ ಬಿಳಿ ಹಾಳೆ ಕೇಳಿ ಇಸಿದುಕೊಂಡು ಹೊಸದಾಗಿ ಬರೆದೆ:

‘ಭಾಗ್ಯಶ್ರೀ ಚೀಟಿಯನ್ನು ನೋಡಿಲ್ಲವೆಂದು ಅಂದೇ ಹೇಳಿದ್ದಳು. ನೋಡಿದಳೆಂಬುದಕ್ಕೆ ನನ್ನ ಬಳಿ ಅಂದೂ ಆಧಾರವಿರಲಿಲ್ಲ, ಇಂದೂ ಇಲ್ಲ. ಚೀಟಿಯನ್ನು ಅಗಿದದ್ದು ಗಾಬರಿಯಿಂದ. ವರದಿಯಲ್ಲಿನ ಸಾಕ್ಷ್ಯ ನಾಶ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅವಳನ್ನು ಡಿಸೆಂಬರಿನ ಪರೀಕ್ಷೆಗೆ ಕೂರಲು ಬಿಡಬೇಕೆಂದು ಕೋರುತ್ತೇನೆ.’

ಸ್ಕ್ಯಾನ್ ಮಾಡಿಸಿ ಕಳಿಸಿದೆ. ಸೈನ್ ಔಟ್ ಮಾಡಿದೆ. ಇಳಿಸಿದ ಕಡತ ಅಳಿಸಿದೆ. ಹಾಳೆಯನ್ನು ಮಡಚುವಾಗ ಶೈಲಾ ಬಗ್ಗಿ ಓದಿದಳು.

‘ಒಂದ ಸಾಲು ಅಂದಿದ್ರಲ್ರಿ ಅಕ್ಕಾ?’

‘ಆ ಹಾಳಿ ಸುಕ್ಕಾಗಿತ್ತು’ ಎಂದೆ.